ಕಣ್ಣಿನ ಎತ್ತರ

“ಏನ್ರೀ ಇದು? ನಮ್ಮ ಆಪಾ ಮನೆ ಗೋಡೆಗಳನ್ನ ಗಾಜಲ್ಲಿ ಕಟ್ಟಿದ್ದಾರಾ?”

ಲತೀಫ್ ಆ ಕಾಗದವನ್ನು ಮೇಜಿಗೆ ಅಪ್ಪಳಿಸಿದ ರಭಸಕ್ಕೆ, ಕೆಳಗೆ ಕೋಲಾರದ ಬಸ್‌ಸ್ಟ್ಯಾಂಡಿನಲ್ಲಿ ಹೊರಡಲು ಗುರುಗುಟ್ಟುತ್ತಿದ್ದ ಶ್ರೀನಿವಾಸಪುರದ ಬಸ್ಸು ಕೂಡ ಒಂದು ಕ್ಷಣ ಉಸಿರು ಹಿಡಿದು ನಿಂತಿತು. ಬಸ್‌ಸ್ಟ್ಯಾಂಡಿನ ಎದುರಿನ ಮಹಡಿಯಲ್ಲಿ ಚನ್ನರಾಯಪ್ಪನ ಆಫೀಸು. ಮನೆ ಕಟ್ಟುವವರಿಗೆ ಪ್ಲಾನ್ ಬರೆದುಕೊಡುವುದು ಅವನ ಕಸುಬು. ಎಂಬತ್ತೇಳನೇ ಇಸವಿಯ ಆ ಮಾರ್ಚ್ ತಿಂಗಳಲ್ಲಿ ಇಡೀ ಜಿಲ್ಲೆಗೆಲ್ಲ ಇದ್ದದ್ದು ಒಂದೇ ಕಂಪ್ಯೂಟರು, ಅದು ಅಲ್ಲಿತ್ತು. ಬ್ಯಾಂಕಿನಲ್ಲಿ ಇನ್ನೊಂದು ಇತ್ತು ಎನ್ನುವವರಿದ್ದಾರೆ. ಅದು ಬರೀ ಕೂಡಿ ಕಳೆಯುತ್ತಿತ್ತೇ ಹೊರತು ಚಿತ್ರ ಬರೆಯುತ್ತಿರಲಿಲ್ಲ, ಆದ್ದರಿಂದ ಅದನ್ನು ಲೆಕ್ಕಕ್ಕೆ ಹಿಡಿಯಬೇಕಾಗಿಲ್ಲ. ಇದರ ಪಕ್ಕದಲ್ಲೊಂದು ಪ್ರಿಂಟರು. ಅದು ಅರಚತೊಡಗಿದರೆ ಅಂತರಗಂಗೆ ಬೆಟ್ಟದ ಕೋತಿಗಳು ಮರ ಬದಲಾಯಿಸುತ್ತಿದ್ದವು.

ಅಂಥ ಪ್ರಿಂಟರು ಅರ್ಧ ಗಂಟೆ ಅರಚಿ ಹೆತ್ತ ಕಾಗದ ಅದು. ಮುಳಬಾಗಿಲಿನ ಹಜೀರಾಳ ಮನೆ, ಪಕ್ಕದ ಆವಲಪ್ಪ ಇನ್ನೂ ಕಟ್ಟದೇ ಇದ್ದ ಮಹಡಿಯ ಕಿಟಕಿಯಿಂದ ಹೇಗೆ ಕಾಣುತ್ತದೆ ಎಂಬುದರ ಚಿತ್ರ. ಬರೀ ಗೆರೆಗಳು. ಕಾಂಪೌಂಡಿನ ಗೆರೆಯ ಹಿಂದೆ ಅಂಗಳದ ಗೆರೆ, ಅದರಾಚೆ ಗೋಡೆಯ ಗೆರೆ, ಗೋಡೆಯನ್ನೂ ದಾಟಿ ಒಳಕೋಣೆಯ ಮಂಚ, ಅಡುಗೆಮನೆಯ ಒಲೆ, ಬಚ್ಚಲಿನ ಹಂಡೆ. ಎಲ್ಲವೂ ಒಂದರ ಹೊಟ್ಟೆಯಲ್ಲಿ ಇನ್ನೊಂದು.

“ಹಂಡೆ ಕಾಣ್ತಿದೆ! ನಮ್ಮ ಅಕ್ಕನ ಬಚ್ಚಲ ಒಳಗಿನ ಹಂಡೆ ಕೋಲಾರದಲ್ಲಿ ಕೂತ್ಕೊಂಡು ನೋಡ್ತಾವ್ರೆ ಜನ. ಇದಕ್ಕಾ ನಾವು ಬಸ್ ಹತ್ತಿ ಬಂದಿದ್ದು?”

“ಲತೀಫ್ ಸಾಬ್ರೇ, ಸ್ವಲ್ಪ ತಡೀರಿ,” ಅಂದಳು ಭಾರತಮ್ಮ. ಕಂಪ್ಯೂಟರಿನ ಮುಂದೆ ಕೂರುವ ಹಕ್ಕು ಆ ಆಫೀಸಿನಲ್ಲಿ ಅವಳೊಬ್ಬಳಿಗೇ. ಕ್ಯಾಲನೂರಿನ ಹಾಲಿನ ಮನೆಯವಳು, ಬೆಂಗಳೂರಿನಲ್ಲಿ ಎರಡು ವರ್ಷ ಈ ವಿದ್ಯೆ ಕಲಿತವಳು. ಹಸು ಒದ್ದರೂ ಚೆಂಬು ಅಲ್ಲಾಡದಂತೆ ಹಿಡಿಯುವ ಕೈ ಅವಳದು. “ಇದು ತಂತಿ ಚಿತ್ರ. ಯಾವ ಗೆರೆ ಮುಂದೆ, ಯಾವ ಗೆರೆ ಹಿಂದೆ ಅಂತ ಮಷೀನಿಗೆ ಇನ್ನೂ ಹೇಳಿಕೊಟ್ಟಿಲ್ಲ. ಇದರಲ್ಲಿರೋದು ಗೋಡೆ ಅಲ್ಲ, ಗೋಡೆಯ ಎಲುಬು.”

“ಎಲುಬೋ ಮಾಂಸವೋ! ಈ ಮನುಷ್ಯ ನೋಡ್ಬಿಟ್ನಲ್ಲ!”

ಆ ಮನುಷ್ಯ, ಅಂದರೆ ಆವಲಪ್ಪ, ಬೆಂಚಿನ ಮೇಲೆ ಕೂತು ಕಾಗದವನ್ನು ತಲೆಕೆಳಗಾಗಿ ನೋಡುತ್ತಿದ್ದ. “ಹಂಡೆ ಬಾಗುಂದಯ್ಯಾ. ತಾಮ್ರದ್ದಾ?” ಎಂದ, ಗಡಿಯ ತೆಲುಗು ಬೆರೆಸಿ.

ಆಮೇಲೆ ನಡೆದದ್ದನ್ನು ಜಗಳ ಎಂದರೆ ಜಗಳಕ್ಕೆ ಅವಮಾನ. ಚನ್ನರಾಯಪ್ಪ ಇಬ್ಬರ ನಡುವೆ ನುಗ್ಗಿ, ಕಾಗದ ಕಿತ್ತುಕೊಂಡು, ಎರಡು ಸಲ ಹರಿದು, ತುಂಡುಗಳನ್ನು ತನ್ನದೇ ಜೇಬಿಗೆ ಹಾಕಿಕೊಂಡ ಮೇಲೆ ತಣ್ಣಗಾಯಿತು. “ಒಂದು ವಾರ ಕೊಡಿ. ಮಷೀನಿಗೆ ಮಾನ ಮರ್ಯಾದೆ ಕಲಿಸಿ ಕೊಡ್ತೀವಿ,” ಎಂದು ಅವನು ಮಾತು ಕೊಟ್ಟ. ಮಾತು ಕೊಡುವುದು ಅವನ ಕೆಲಸ, ನಡೆಸುವುದು ಭಾರತಮ್ಮನದು.

ಇಷ್ಟಕ್ಕೆಲ್ಲ ಮೂಲ ಹಜೀರಾಳ ಶಾವಿಗೆ. ಮುಳಬಾಗಿಲಿನಿಂದ ಆಂಧ್ರದ ಗಡಿಯವರೆಗೆ ಅವಳಷ್ಟು ಸಣ್ಣ ಎಳೆ ತೆಗೆಯುವ ಕೈ ಇರಲಿಲ್ಲ. ಸೂಜಿಯ ಕಣ್ಣಿಗೆ ಒಟ್ಟಿಗೆ ಮೂರು ಎಳೆ ಪೋಣಿಸಬಹುದು ಎನ್ನುತ್ತಿದ್ದರು, ನಾಲ್ಕು ಎಂದರೂ ತಪ್ಪಿಲ್ಲ. ರಂಜಾನಿಗೆ ಎರಡು ತಿಂಗಳ ಮುಂಚಿನಿಂದಲೇ ಅವಳ ಅಂಗಳದಲ್ಲಿ ಹಗ್ಗಗಳು ಏರುತ್ತಿದ್ದವು. ಬೆಳಗಿನ ಜಾವ ಒತ್ತಿ, ಬಿಸಿಲೇರುತ್ತಿದ್ದಂತೆ ಹಗ್ಗಕ್ಕೆ ಹಾಕಿ, ಮಧ್ಯಾಹ್ನ ಹೈವೇಯ ಧೂಳು ಏಳುವ ಮೊದಲು ತೆಗೆಯಬೇಕು. ಗಂಡ ಸತ್ತ ಮೇಲೆ ಆ ಮನೆ ನಿಂತಿದ್ದೇ ಆ ಹಗ್ಗಗಳ ಮೇಲೆ. ಇನ್ನೊಂದು ವಿಷಯವನ್ನು ಹಜೀರಾ ಯಾರ ಹತ್ತಿರವೂ ಹೇಳುತ್ತಿರಲಿಲ್ಲ, ಹೇಳುವ ಅಗತ್ಯವೂ ಇರಲಿಲ್ಲ: ತಲೆಯ ಮೇಲೆ ಏನೂ ಇಲ್ಲದೆ, ರವಿಕೆಯ ತೋಳು ಮಡಿಚಿಕೊಂಡು, ಆಕಾಶದ ಕೆಳಗೆ ಅವಳೂ ಸೊಸೆಯೂ ಓಡಾಡಬಹುದಾದ ಜಾಗ ಈ ಭೂಮಿಯ ಮೇಲೆ ಅದೊಂದೇ. ಸುತ್ತ ಎತ್ತರದ ಕಾಂಪೌಂಡು. ಮೂರು ಕಡೆ ಮನೆಗಳ ಹಿಂಬದಿ ಗೋಡೆಗಳು. ಪೂರ್ವಕ್ಕೆ ಆವಲಪ್ಪನ ತಗ್ಗು ಹೆಂಚಿನ ಮನೆ.

ಆ ತಗ್ಗು ಮನೆಯಲ್ಲಿ ಆವಲಪ್ಪ ರೇಷ್ಮೆ ಹುಳು ಸಾಕುತ್ತಿದ್ದ. ಅವನ ಹುಳುಗಳು ಅವನ ಕೆಮ್ಮು ಕೇಳಿದರೆ ತಲೆಯೆತ್ತುತ್ತಿದ್ದವಂತೆ. ಬೇರೆ ಯಾರ ಕೈಯಿಂದ ಸೊಪ್ಪು ಬಿದ್ದರೂ ಮುಟ್ಟುತ್ತಿರಲಿಲ್ಲವಂತೆ. ಇದನ್ನು ಹೇಳುತ್ತಿದ್ದವನು ಆವಲಪ್ಪನೇ. ಆದರೆ ಕಳೆದ ವರ್ಷ ಬೇಸಿಗೆಯಲ್ಲಿ ಎರಡು ಬೆಳೆ ಸಾಲಾಗಿ ಹೋಗಿತ್ತು. ತಗ್ಗಿನ ಮನೆ, ಗಾಳಿಯಿಲ್ಲ, ಹುಳು ಬೆಂದು ಕಪ್ಪಾಗಿ ತಟ್ಟೆಯಲ್ಲೇ ಕರಗಿತು. ಮೇಲೊಂದು ಮಹಡಿ, ಮೊಳ ದಪ್ಪದ ಮಣ್ಣಿನ ಗೋಡೆ, ಮಾಲೂರು ಹೆಂಚು, ಪಡುವಣ ಗಾಳಿಗೆ ಒಂದು ಕಿಟಕಿ. ಇಷ್ಟಾದರೆ ಹುಳು ಬದುಕುತ್ತದೆ. ರಸ್ತೆ ಕಡೆ ತೆರೆದರೆ ಲಾರಿಯ ಹೊಗೆ, ಉಳಿದೆರಡು ಕಡೆ ಬೇರೆಯವರ ಗೋಡೆ. ಪಡುವಣಕ್ಕೆ ಇದ್ದದ್ದು ಹಜೀರಾಳ ಅಂಗಳ.

“ಜಾಲರಿ ಹಾಕ್ತೀನಿ,” ಎಂದಿದ್ದ ಆವಲಪ್ಪ, ಕಾಂಪೌಂಡಿನ ಈಚೆಯಿಂದ.

“ಜಾಲರಿ ನಕ್ಕೋ, ಬೇಡ ಆವಲಪ್ಪ,” ಎಂದಿದ್ದಳು ಹಜೀರಾ, ಆಚೆಯಿಂದ. “ಜಾಲರಿ ಹಿಂದೆ ನಿಂತೋರಿಗೆ ನಾವು ಕಾಣ್ತೀವಿ. ನಮಗೆ ಅವರು ಕಾಣಲ್ಲ. ಅದು ಇನ್ನೂ ಕಷ್ಟ.”

“ಎತ್ತರಕ್ಕೆ ಇಡ್ತೀನಿ.”

“ಹೆಂಚು ಈ ಕಡೆಗೇ ಇಳಿಜಾರು. ಎಷ್ಟು ಎತ್ತರಕ್ಕೆ ಇಡ್ತೀಯ, ಆಕಾಶಕ್ಕಾ?”

ಮೂವತ್ತು ವರ್ಷ ಗೋಡೆಯ ಮೇಲೆ ಬೆಂಕಿ, ಮಜ್ಜಿಗೆ, ಬೈಗುಳ ಎಲ್ಲವನ್ನೂ ಕೊಟ್ಟು ತೆಗೆದುಕೊಂಡ ಎರಡು ಮನೆ. ಈ ಮಾತಿನ ಮೇಲೆ ಮಜ್ಜಿಗೆ ನಿಂತಿತು. ಅಡಿಪಾಯ ನೋಡಲು ಬಂದಿದ್ದ ಚನ್ನರಾಯಪ್ಪ ಆಗ ಬಾಯಿ ಹಾಕಿದ: ಕಟ್ಟುವ ಮೊದಲೇ ಕಿಟಕಿಯಿಂದ ಏನು ಕಾಣುತ್ತೆ ಅಂತ ನನ್ನ ಕಂಪ್ಯೂಟರು ತೋರಿಸುತ್ತೆ! ಏಣಿ ಹತ್ತಿ ನೋಡಿದರಾಯಿತಲ್ಲ ಎಂದರೆ, ಬರೀ ಏಣಿ ಹತ್ತಿದವನಿಗೆ ಊರೆಲ್ಲ ಕಾಣುತ್ತದೆ. ಮೊಳ ದಪ್ಪದ ಗೋಡೆ ಎಷ್ಟು ಮರೆ ಮಾಡುತ್ತದೆ ಎನ್ನುವುದು ಏಣಿಗೆ ಗೊತ್ತಿಲ್ಲ. ಕಟ್ಟಿಬಿಟ್ಟ ಮೇಲೆ ಒಡೆಯಲು ಆವಲಪ್ಪ ಒಪ್ಪುವವನಲ್ಲ. ಹೀಗೆ ಮಾತಾಯಿತು. ಚಿತ್ರದಲ್ಲಿ ಅಂಗಳ ಕಂಡರೆ ಕಿಟಕಿ ಇಲ್ಲ, ಕಾಣದಿದ್ದರೆ ಇದೆ. ಆವಲಪ್ಪ ಹುಳುಗಳ ಮೇಲೆ ಆಣೆ ಇಟ್ಟ, ಹಜೀರಾಳ ಪರವಾಗಿ ತಮ್ಮ ಲತೀಫ್ ರೊಟ್ಟಿಯ ಮೇಲೆ ಇಟ್ಟ. ಅಳತೆ ತೆಗೆಯಲು ಆ ಅಂಗಳಕ್ಕೆ ಹೋಗಬಹುದಾದವಳು ಭಾರತಮ್ಮ ಒಬ್ಬಳೇ. ಅವಳು ಟೇಪು ಹಿಡಿದು ಬಾವಿಕಟ್ಟೆಯಿಂದ ಬಚ್ಚಲವರೆಗೆ ಒಂದು ಮೂಲೆ ಬಿಡದೆ ಅಳೆದಳು. ಅಷ್ಟು ನಿಷ್ಠೆಯಿಂದ ಅಳೆದಿದ್ದರಿಂದಲೇ ಹಂಡೆ ಸಿಕ್ಕಿಬಿದ್ದದ್ದು.

ಆ ವಾರ ಭಾರತಮ್ಮ ಮಷೀನಿಗೆ ಮಾನ ಕಲಿಸಿದಳು. ಉಪಾಯ ಸುಣ್ಣ ಬಳಿಯುವವರಿಗೆಲ್ಲ ಗೊತ್ತಿರುವುದೇ: ದೂರದ ಗೋಡೆಗೆ ಮೊದಲು ಬಳಿ, ಹತ್ತಿರದ್ದಕ್ಕೆ ಆಮೇಲೆ ಬಳಿ, ಹತ್ತಿರದ್ದು ದೂರದ್ದನ್ನು ತಾನೇ ಮುಚ್ಚಿಕೊಳ್ಳುತ್ತದೆ. ಮನೆಯ ಒಂದೊಂದು ಮುಖವನ್ನೂ ಕಣ್ಣಿನಿಂದ ಎಷ್ಟು ದೂರ ಎಂದು ಅಳೆದು, ಸಾಲು ಹಚ್ಚಿ, ಹಿಂದಿನಿಂದ ಮುಂದಕ್ಕೆ ಬಳಿದುಕೊಂಡು ಬರುವುದು. ಮೊದಲ ಸಲ ಹಜೀರಾಳ ಬಾವಿ ಹೋಗಿ ಆವಲಪ್ಪನ ಹೆಂಚಿನ ಮೇಲೆ ಕೂತಿತು. ಎರಡನೇ ಸಲ ಉದ್ದನೆಯ ಕಾಂಪೌಂಡು ಇಡೀ ಅಂಗಳವನ್ನು ನುಂಗಿತು. ಗೋಡೆಯ ಒಂದು ತುದಿ ಕಣ್ಣಿನ ಕೆಳಗೆ, ಇನ್ನೊಂದು ತುದಿ ಬಾವಿಯ ಆಚೆ. ಇಂಥದ್ದನ್ನು ಹತ್ತಿರ ಅನ್ನುವುದೋ ದೂರ ಅನ್ನುವುದೋ ಮಷೀನಿಗೆ ತಿಳಿಯಲಿಲ್ಲ.

“ಇದನ್ನೇ ಕೊಟ್ಬಿಡಮ್ಮಾ,” ಎಂದ ಚನ್ನರಾಯಪ್ಪ. “ಅಂಗಳ ಕಾಣಲ್ಲ, ಕಿಟಕಿ ಆಯ್ತು, ಪ್ಲಾನ್ ಆಯ್ತು, ಎಲ್ರೂ ಊಟ ಮಾಡಿ ಮಲಗಬಹುದು.”

“ಇದು ಸುಳ್ಳು ಸಾರ್.”

“ಸುಳ್ಳಾದ್ರೂ ಎಷ್ಟು ಚೆನ್ನಾಗಿ ಬಂದಿದೆ ನೋಡು!”

ಭಾರತಮ್ಮ ಗೋಡೆಯನ್ನು ತುಂಡು ತುಂಡಾಗಿ ಕತ್ತರಿಸಿ ಮತ್ತೆ ಸಾಲು ಹಚ್ಚಿದಳು. ಒಂದು ಚಿತ್ರ ಬಳಿಯಲು ಮಷೀನು ತೆಗೆದುಕೊಳ್ಳುತ್ತಿದ್ದ ಹೊತ್ತಿನಲ್ಲಿ ನರಸಾಪುರಕ್ಕೆ ನಡೆದು ಹೋಗಿ, ಮದುವೆ ಊಟ ಮುಗಿಸಿ, ಎಲೆಯಡಿಕೆ ಹಾಕಿಕೊಂಡು ವಾಪಸು ಬರಬಹುದಿತ್ತು. ಅಷ್ಟರಲ್ಲಿ ಕರೆಂಟು ಹೋದರೆ ಇನ್ನೊಂದು ಮದುವೆಗೂ ಹೋಗಿಬರಬಹುದಿತ್ತು. ಕೊನೆಗೆ ಶುಕ್ರವಾರ ಪರದೆಯ ಮೇಲೆ ಹಸಿರು ಚುಕ್ಕಿಗಳಲ್ಲಿ ಮುಚ್ಚಿಕೊಂಡ ಮನೆ ನಿಂತಿತು. ಹಂಡೆ ಇಲ್ಲ, ಮಂಚ ಇಲ್ಲ, ಒಲೆ ಇಲ್ಲ. ಗೋಡೆಗಳು ಗೋಡೆಗಳಾಗಿದ್ದವು. ಮತ್ತು ಅಂಗಳ ಅರ್ಧ ಕಾಣುತ್ತಿತ್ತು. ಆವಲಪ್ಪನ ಗೋಡೆಯ ಬುಡದ ಅರ್ಧ ಮರೆ, ಬಾವಿ ಕಡೆಯ ಅರ್ಧ ಬಟ್ಟಬಯಲು.

ಅರ್ಧ ಕಂಡರೆ ಏನು ಎಂಬುದರ ಬಗ್ಗೆ ಯಾರೂ ಆಣೆ ಇಟ್ಟಿರಲಿಲ್ಲ.

ಚಿತ್ರ ನೋಡಿದ ಆವಲಪ್ಪ, “ಸರಿಪೋಯಿಂದಿ,” ಎಂದ. “ಅರ್ಧ ಕಾಣಲ್ವಲ್ಲ! ಆ ಕಾಣದೇ ಇರೋ ಕಡೆ ಶಾವಿಗೆ ಹಾಕ್ಕೊಳ್ಳಲಿ. ಕಾಣೋ ಕಡೆ ಬಾವಿ ಇದೆ. ಬಾವಿಗೇನು ಬುರ್ಖಾ ಬೇಕಾ?”

ಲತೀಫ್ ಯೋಚಿಸಿ ಯೋಚಿಸಿ, ಹಂಡೆಯ ಮಾನ ಉಳಿದ ಸಮಾಧಾನದಲ್ಲಿ, ಆಗಬಹುದು ಎಂದ. ಚನ್ನರಾಯಪ್ಪ ಇಬ್ಬರ ಕೈಯನ್ನೂ ಕುಲುಕಿ, ಇನ್ನು ಮೇಲೆ ಕೋರ್ಟು ಕಚೇರಿಗಳೆಲ್ಲ ತನ್ನ ಮಹಡಿಗೇ ಬರುತ್ತವೆ ಎಂದು ಅಂದೇ ಇಡೀ ಬಸ್‌ಸ್ಟ್ಯಾಂಡಿಗೆ ಹೇಳಿದ.

ಮಾರನೆಯ ದಿನ ಬೆಳಗ್ಗೆ ಮುಳಬಾಗಿಲಿನ ಮೊದಲ ಬಸ್ಸಿನಲ್ಲಿ ಹಜೀರಾ ತಾನೇ ಬಂದಳು. ಜೊತೆಗೆ ಬಂದ ಲತೀಫನನ್ನೂ ಚನ್ನರಾಯಪ್ಪನನ್ನೂ ಟೀ ಕುಡಿಯಲು ಕಳಿಸಿ, ಬಾಗಿಲು ಮುಂದೆ ಮಾಡಿ, ಮುಖದ ಮೇಲಿನದನ್ನು ತೆಗೆದು ಪರದೆಯ ಮುಂದೆ ಕೂತಳು. ಐವತ್ತರ ಹೆಂಗಸು. ಹಿಟ್ಟು ನಾದಿ ನಾದಿ ಮಣಿಕಟ್ಟುಗಳು ಗಂಡಸಿನವಾಗಿದ್ದವು.

“ಇಷ್ಟೇನಾ ನಮ್ಮ ಅಂಗಳ?”

“ಮೇಲಿಂದ ನೋಡಿದ್ರೆ ಎಲ್ಲಾ ಚಿಕ್ಕದೇ ಕಾಣೋದು.”

“ಬಾವಿಕಟ್ಟೆಗೆ ಮೂಲೆ ಎಲ್ಲಿಂದ ಬಂತು? ನಮ್ದು ದುಂಡಗಿದೆ.”

“ಒಂದೊಂದು ಮುಖಕ್ಕೆ ಒಂದೇ ಹಸಿರು ಬಳಿಯೋದಕ್ಕೆ ಹಾಗೆ. ದುಂಡಗೆ ಮಾಡ್ಬೇಕಂದ್ರೆ ಒಂದು ಹಸಿರಿಂದ ಇನ್ನೊಂದು ಹಸಿರಿಗೆ ಮೆಲ್ಲಗೆ ಜಾರಿಸ್ಬೇಕು. ಅದಕ್ಕೂ ದಾರಿ ಇದೆ. ಈ ಮಷೀನು ಅದನ್ನ ಮಾಡೋಷ್ಟರಲ್ಲಿ ರಂಜಾನ್ ಮುಗಿದು ಬಕ್ರೀದ್ ಬರುತ್ತೆ.”

ಹಜೀರಾ ನಕ್ಕಳು. ನಕ್ಕು, ಮರೆಯ ಅರ್ಧದ ಮೇಲೆ ಬೆರಳಿಟ್ಟಳು. “ಇಲ್ಲಿ ಹಾಕು ಅಂತಾರಲ್ಲ ಶಾವಿಗೆ. ಇಲ್ಲಿ ಬಿಸಿಲು ಬರುತ್ತಾ? ಈಗ ಬರುತ್ತೆ. ಆ ಮಹಡಿ ಎದ್ದ ಮೇಲೆ ಬರುತ್ತಾ? ಅದನ್ನ ತೋರಿಸು ಬೇಟಿ.”

ಭಾರತಮ್ಮ ಕೀಲಿಗಳ ಮೇಲಿನಿಂದ ಕೈ ತೆಗೆದಳು. ಅದಕ್ಕೆ ಬೇರೆ ವಿದ್ಯೆ ಬೇಕಿರಲಿಲ್ಲ. ಕಣ್ಣನ್ನು ಕಿಟಕಿಯಿಂದ ಎತ್ತಿ ಬೆಳಗಿನ ಸೂರ್ಯ ಇರುವ ಕಡೆ ಇಟ್ಟರಾಯಿತು. ಸೂರ್ಯನಿಗೆ ಕಾಣುವುದೆಲ್ಲ ಬಿಸಿಲು, ಕಾಣದ್ದೆಲ್ಲ ನೆರಳು. ಅಷ್ಟು ಹತ್ತಿರದ ವಿಷಯ ಒಂದು ವಾರದಿಂದ ತನಗೆ ಯಾಕೆ ಹೊಳೆಯಲಿಲ್ಲ ಎಂದು ಯೋಚಿಸುತ್ತಲೇ ಅವಳು ಅಂಕಿಗಳನ್ನು ಬದಲಾಯಿಸಿದಳು. ಮಷೀನು ಬಳಿಯತೊಡಗಿತು. ಹಜೀರಾ ತಂದಿದ್ದ ಡಬ್ಬಿ ಬಿಚ್ಚಿದಳು. ಇಬ್ಬರೂ ರೊಟ್ಟಿ ತಿಂದರು. ತೂತುಕುಂಟೆಗೆ ಕೊಟ್ಟ ನಾದಿನಿಯ ಮೊದಲ ಹೆರಿಗೆಯಿಂದ ಹಿಡಿದು ಕ್ಯಾಲನೂರಿನ ಎಮ್ಮೆಯ ನಾಲ್ಕನೇ ಹೆರಿಗೆಯವರೆಗೆ ಮಾತಾಡಿದರು. ಆಮೇಲೆ ಚಿತ್ರ ಬಂತು.

ಹಿಂದಿನ ಚಿತ್ರದ ಪಕ್ಕ ಇಟ್ಟು ನೋಡಿದರು. ಕಿಟಕಿಗೆ ಕಾಣದ ಅರ್ಧ ಸೂರ್ಯನಿಗೂ ಕಾಣುತ್ತಿರಲಿಲ್ಲ. ಎರಡರ ಅಂಚೂ ಹೆಚ್ಚುಕಡಿಮೆ ಒಂದೇ ಗೆರೆ.

“ಅಂದ್ರೆ ಬಿಸಿಲಲ್ಲಿದ್ರೆ ಆವಲಪ್ಪನಿಗೆ ಕಾಣ್ಬೇಕು. ಕಾಣ್ಬಾರ್ದು ಅಂದ್ರೆ ಶಾವಿಗೆ ಬೂಸ್ಟು ಹಿಡೀಬೇಕು,” ಎಂದಳು ಹಜೀರಾ. ದನಿಯಲ್ಲಿ ಕೋಪವಿರಲಿಲ್ಲ. ಯಾವುದೋ ದೂರದ ಸಂಬಂಧಿಕರ ಮನೆಯ ವಿಷಯ ಹೇಳಿದಂತಿತ್ತು.

“ಇದನ್ನ ತೋರಿಸಿ ಕಿಟಕಿ ಬೇಡ ಅನ್ನಬಹುದು. ಕಾಣುತ್ತೆ ಅಂದ್ಮೇಲೆ ಮಾತು ಮಾತೇ ಅಲ್ವಾ?”

“ಬೇಡ ಅನ್ನಬಹುದು. ಅವನ ಹುಳು ಸಾಯುತ್ತೆ. ಹೋದ ವರ್ಷ ಸತ್ತಾಗ ಅವನ ಹೆಂಡತಿ ಗಂಗಮ್ಮ ತಟ್ಟೆಗಟ್ಟಲೆ ತಂದು ನಮ್ಮ ಗೋಡೆ ಪಕ್ಕ ಹೂತಳು. ವಾಸನೆಗೆ ಎರಡು ದಿನ ಊಟ ಸೇರಲಿಲ್ಲ ನಮಗೆ. ಅವರಿಗೆ ಎಷ್ಟು ದಿನ ಸೇರಲಿಲ್ಲವೋ.” ಹಜೀರಾ ಕಿಟಕಿಯಿಂದ ಕಂಡ ಚಿತ್ರದ ಕಾಗದವನ್ನು ಮತ್ತೆ ಎತ್ತಿಕೊಂಡಳು. “ಒಂದು ಕೇಳ್ತೀನಿ. ಇದನ್ನ ನೋಡ್ತಿರೋ ಕಣ್ಣು ಯಾರ್ದು?”

“ಯಾರದ್ದೂ ಅಲ್ಲ. ಒಂದು ಚುಕ್ಕಿ ಅಷ್ಟೆ.”

“ಚುಕ್ಕಿ ಎಷ್ಟು ಎತ್ತರದಲ್ಲಿದೆ?”

“ಮಹಡಿಯ ನೆಲದಿಂದ ಐದೂವರೆ ಅಡಿ. ಒಬ್ಬ ಗಂಡಸು ನಿಂತ ಹಾಗೆ ಇಡು ಅಂದಿದ್ರು ನಮ್ಮ ಸಾರು.”

“ಗಂಡಸು ಯಾಕೆ?”

ಭಾರತಮ್ಮ ಕೀಲಿಗಳ ಕಡೆ ತಿರುಗಿದಳು.

“ಆವಲಪ್ಪನ ಹೆಂಡತಿ ಗೊತ್ತಲ್ಲ ನಿನಗೆ? ಅವಳ ಕಣ್ಣು ಇಡು.”

ಆವಲಪ್ಪನ ಹೆಂಡತಿಯ ಹೆಸರು ದೊಡ್ಡಗಂಗಮ್ಮ. ಹೆಸರು ಇಟ್ಟವರು ಮಗುವನ್ನು ತೊಟ್ಟಿಲಲ್ಲಿ ನೋಡಿ ಮೋಸ ಹೋಗಿದ್ದರು. ಅವಳು ರಾಗಿ ಹೊಲದಲ್ಲಿ ನಡೆದರೆ ತೆನೆ ಮಾತ್ರ ಅಲ್ಲಾಡುವುದು ಕಾಣುತ್ತಿತ್ತು. ಅಂಗಡಿಯವರು ತಕ್ಕಡಿಯಾಚೆಯಿಂದ ಬಂದ ದನಿಗೆ ಸಾಮಾನು ಕೊಡುತ್ತಿದ್ದರು. ಭಾರತಮ್ಮ ಅಳತೆಗೆ ಹೋದಾಗ ಅವಳೇ ಟೇಪಿನ ಇನ್ನೊಂದು ತುದಿ ಹಿಡಿದಿದ್ದಳು. ಅಂದಾಜು ಹಾಕಿ ಒಂದು ಅಂಕಿ ಬದಲಾಯಿಸಿದಳು, ಒಂದೇ ಒಂದು. ಮಧ್ಯಾಹ್ನ ಕರೆಂಟು ಹೋಯಿತು, ಬಂತು. ಸಂಜೆಯ ಬಸ್ಸಿಗೆ ಮೊದಲು ಚಿತ್ರ ಬಂತು. ಕಿಟಕಿಯ ಕಟ್ಟೆ ಕೆಳಗಿನ ಮುಕ್ಕಾಲು ಪಾಲು ನುಂಗಿತ್ತು. ಮೊಳ ದಪ್ಪದ ಗೋಡೆಯಾಚೆಗೆ ಹಜೀರಾಳ ಅಂಗಳವೇ ಇರಲಿಲ್ಲ. ಪಶ್ಚಿಮದ ಗೋಡೆಯ ತುದಿ, ಅದರ ಮೇಲೆ ಆಕಾಶ.

ಹಜೀರಾ ಮುಖ ಮುಚ್ಚಿಕೊಂಡು ಎದ್ದಳು. “ನೀನೂ ಬಾ. ನಾನು ಹೇಳಿದ್ರೆ ಜಗಳ ಆಗುತ್ತೆ. ನೀನು ಹೇಳಿದ್ರೆ ಮಷೀನ್ ಹೇಳಿದ ಹಾಗೆ.”

ಅವರು ಮುಳಬಾಗಿಲು ತಲುಪಿದಾಗ ಆವಲಪ್ಪ ಅರ್ಧ ಎದ್ದ ಮಹಡಿಯ ಗೋಡೆಯ ಕೆಳಗೆ, ಮೇಸ್ತ್ರಿಯನ್ನು ಬೈದು ಮುಗಿಸಿ ಕಾಲು ತೊಳೆಯುತ್ತಿದ್ದ. ದೊಡ್ಡಗಂಗಮ್ಮ ಜಗುಲಿಯ ಮೇಲೆ ಹಿಪ್ಪುನೇರಳೆ ಕಡ್ಡಿಯಿಂದ ಸೊಪ್ಪು ಬಿಡಿಸುತ್ತಿದ್ದಳು. ಹಜೀರಾ ಬಾಗಿಲಲ್ಲೇ ನಿಂತಳು. ಭಾರತಮ್ಮ ಕಾಗದ ಕೊಟ್ಟಳು.

ಆವಲಪ್ಪ ಈ ಸಲ ನೆಟ್ಟಗೇ ಹಿಡಿದು ನೋಡಿದ. ನೋಡಿದಂತೆಲ್ಲ ಮುಖ ಅಗಲವಾಗುತ್ತ ಹೋಯಿತು. “ಏನೂ ಕಾಣಲ್ಲ! ಚೂಡು ಗಂಗಾ, ಏನೂ ಕಾಣಲ್ಲ! ಮೊದಲು ಅರ್ಧ ಅಂದ್ರು, ಈಗ ಪೂರ್ತಿ ನಾನೇ ಗೆದ್ದೆ. ನಾನು ಹೇಳ್ಲಿಲ್ವಾ? ನನ್ನ ಗೋಡೆ ಅಂದ್ರೆ ಗೋಡೆ!”

“ಗೆದ್ದಿದ್ದೀಯ,” ಎಂದಳು ಹಜೀರಾ. “ಕಿಟಕಿ ಇಟ್ಕೋ.”

“ಆದರೆ ಇದು ನಿಮ್ಮ ಕಣ್ಣಲ್ಲ, ಆವಲಪ್ಪನವರೇ,” ಎಂದಳು ಭಾರತಮ್ಮ. “ಗಂಗಮ್ಮನವರ ಕಣ್ಣು. ಅವರು ನಿಂತು ನೋಡಿದ್ರೆ ಹೀಗೆ ಕಾಣುತ್ತೆ. ನೀವು ನಿಂತ್ರೆ ಹಳೇ ಚಿತ್ರವೇ ನಿಜ. ಮೇಲೆ ಹತ್ತೋರು ಅವರಾದ್ರೆ ಮಾತ್ರ ಈ ಕಾಗದ ಸತ್ಯ.”

ಆವಲಪ್ಪನಿಗೆ ಅರ್ಥವಾಗಲು ಒಂದು ಬೀಡಿ ಹಚ್ಚುವಷ್ಟು ಹೊತ್ತು ಹಿಡಿಯಿತು. “ಅಂದ್ರೆ? ನನ್ನ ಹುಳುವಿನ ಮನೆಗೆ ನಾನು ಹತ್ತಬಾರದಾ?”

ಹಜೀರಾ ದೊಡ್ಡಗಂಗಮ್ಮನ ಕಡೆ ತಿರುಗಿದಳು.

“ಇವಳಿಗೆ ಏನು ಗೊತ್ತಮ್ಮಾ? ಸೊಪ್ಪು ಬಿಡಿಸೋದು ಗೊತ್ತು, ಕಸ ಬಳಿಯೋದು ಗೊತ್ತು. ಹುಳಕ್ಕೆ ಕೈ ಬೇಕು, ಕೈ! ಯಾವಾಗ ಹಸಿದಿದೆ, ಯಾವಾಗ ಜ್ವರ ಬಂದಿದೆ, ನೋಡಿದ ತಕ್ಷಣ ಹೇಳ್ತೀನಿ ನಾನು. ಈ ತಾಲ್ಲೂಕಲ್ಲಿ ನನ್ನ ಕೈ ಅಂದ್ರೆ—”

“ಹೋದ ವರ್ಷ ಎರಡು ಬೆಳೆ ಆ ಕೈಯಲ್ಲೇ ಹೋದ್ವು ಕದಾ,” ಎಂದಳು ದೊಡ್ಡಗಂಗಮ್ಮ. ತಲೆ ಎತ್ತಲಿಲ್ಲ, ಎಲೆ ಬಿಡಿಸುವುದನ್ನೂ ನಿಲ್ಲಿಸಲಿಲ್ಲ.

ಮುಳಬಾಗಿಲಿನ ಹೈವೇಯ ಮೇಲೆ ಓಡುತ್ತಿದ್ದ ಲಾರಿಗಳಷ್ಟೂ ಒಟ್ಟಿಗೆ ಹಾರ್ನ್ ನಿಲ್ಲಿಸಿದವು. ಹಾಗೆ ಅನ್ನಿಸಿತು ಎನ್ನುವವರೂ ಇದ್ದಾರೆ, ನಿಲ್ಲಿಸಿದ್ದೇ ನಿಜ. ಆವಲಪ್ಪ ಕಾಗದವನ್ನು ಸುರುಳಿ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡು ಒಳಗೆ ಹೋದ.

ಮಾರನೆಯ ದಿನ ಅವನು ಮೇಸ್ತ್ರಿಗೆ, “ಪಡುವಣಕ್ಕೆ ಕಿಟಕಿ ಇಡು,” ಎಂದ. ಮೇಲೆ ಯಾರು ಹತ್ತುವುದು ಎಂಬುದರ ಬಗ್ಗೆ ತುಟಿ ಬಿಚ್ಚಲಿಲ್ಲ. ಲತೀಫ್ ಬಂದು ಕೂಗಾಡಿದ: “ಮೋಸ ಆಪಾ, ಮೋಸ! ಬರೆದು ಸಹಿ ಹಾಕಿಸ್ಕೋಬೇಕಿತ್ತು.” ಹಜೀರಾ, “ನಕ್ಕೋ, ಬಿಡು,” ಎಂದಳು. ಗೋಡೆ ಎದ್ದಿತು, ಮಾಲೂರು ಹೆಂಚು ಕೂತಿತು. ಮಹಡಿಯ ನೆರಳು ಅಂಗಳದ ಅರ್ಧದವರೆಗೆ ಬಂದು, ಪರದೆಯ ಮೇಲಿನ ಗೆರೆಗೆ ಒಂದು ಗೇಣೂ ಹೆಚ್ಚುಕಡಿಮೆ ಇಲ್ಲದೆ ನಿಂತಿತು. ಹಜೀರಾ ಶಾವಿಗೆ ಒತ್ತಲಿಲ್ಲ. ಗೋಧಿ ಹಿಟ್ಟು ಒಳಗೆ ಡಬ್ಬದಲ್ಲಿತ್ತು. ಹಗ್ಗಗಳು ಬಾವಿ ಕಡೆಯ ಬಿಸಿಲಲ್ಲಿ ಬರಿದಾಗಿ ತೂಗುತ್ತಿದ್ದವು. ರಂಜಾನಿಗೆ ಹೆಚ್ಚು ದಿನ ಉಳಿದಿರಲಿಲ್ಲ. ಆರ್ಡರು ಕೊಟ್ಟ ಅಂಗಡಿಯವರು ಎರಡೆರಡು ಸಲ ಕೇಳಿ ಕಳಿಸಿದ್ದರು. ಸೊಸೆ ಏನೂ ಕೇಳದೆ ದುಪಟ್ಟಾ ಹೊದ್ದೇ ನೀರು ಸೇದುತ್ತಿದ್ದಳು.

ಹುಳುವಿನ ಮೊಟ್ಟೆಯ ಹಾಳೆಗಳು ಬಂದವು. ಮರಿಯೊಡೆದ ಬೆಳಗ್ಗೆ ಆವಲಪ್ಪ ತಟ್ಟೆಗಳನ್ನು ಒಂದೊಂದಾಗಿ ತಲೆಯ ಮೇಲೆ ಇಟ್ಟುಕೊಂಡು ಮೆಟ್ಟಿಲು ಹತ್ತಿದ. ಹಜೀರಾ ಅಡುಗೆಮನೆಯ ಬಾಗಿಲ ಸಂದಿನಿಂದ ನೋಡಿದಳು. ಕಿಟಕಿಯಲ್ಲಿ ಅವನ ಮುಂಡಾಸು ಅತ್ತಿತ್ತ ಓಡಾಡಿತು. ನಿಂತಿತು. ಒಳಗೆ ಅವನು ಕೆಮ್ಮಿದ. ಹುಳುಗಳು ತಲೆಯೆತ್ತಿದವೋ ಇಲ್ಲವೋ ಕೆಳಗಿದ್ದವರಿಗೆ ಕಾಣಲಿಲ್ಲ. ಆಮೇಲೆ ಹೆಜ್ಜೆಗಳು ಇಳಿದು ಬಂದವು, ನಿಧಾನವಾಗಿ, ಒಂದೊಂದು ಮೆಟ್ಟಿಲಿಗೂ ಒಂದು ಊರಿನಷ್ಟು ದೂರ ಇದ್ದ ಹಾಗೆ.

“ಏ ಗಂಗಾ,” ಎಂದ ಆವಲಪ್ಪ, ಕಾಂಪೌಂಡಿನಾಚೆ ಕೇಳುವಷ್ಟು ಗಟ್ಟಿಯಾಗಿ. “ಸೊಪ್ಪು ತಗೊಂಡು ಹತ್ತು.”

ಮೆಟ್ಟಿಲ ಮೇಲೆ ಹಗುರವಾದ ಹೆಜ್ಜೆ ಕೇಳಿಸಿತು.

“ಎಳೇದು ಹಾಕು! ಸಣ್ಣಗೆ ಹೆಚ್ಚಿದ್ದೀಯಾ? ಒದ್ದೆ ಇದ್ರೆ ಹಾಕ್ಬೇಡ! ಮೂಲೆ ತಟ್ಟೆ ನೋಡು, ಅದು ಮಂಕಾಗಿದೆ!” ಅವನ ದನಿ ಮೆಟ್ಟಿಲ ಬುಡದಿಂದ ಬರುತ್ತಿತ್ತು. ಸ್ವಲ್ಪ ಹೊತ್ತಿನ ಮೇಲೆ ಅವನು, “ತಿಂತಾವಾ?” ಎಂದ. ಆಮೇಲೆ ಇನ್ನೂ ಮೆಲ್ಲಗೆ, “ಗಂಗಾ, ತಿಂತಾವಾ?”

ಹಜೀರಾ ಬಾಗಿಲು ತೆರೆದು ಅಂಗಳಕ್ಕೆ ಬಂದಳು. ಬಾವಿಕಟ್ಟೆಯ ಹತ್ತಿರ, ಬಿಸಿಲಲ್ಲಿ, ತಲೆಯ ಮೇಲಿನ ಸೆರಗನ್ನು ಜಾರಲು ಬಿಟ್ಟು ಮೇಲೆ ನೋಡಿದಳು. ಕಿಟಕಿ ಖಾಲಿಯಾಗಿತ್ತು. ನೋಡುತ್ತಿದ್ದಂತೆ ಅದರ ಕಟ್ಟೆಯ ಮೇಲಿಂದ ಒಂದು ಕೈ ಹೊರಬಂತು, ಸೊಪ್ಪಿನ ಹಾಲು ಹತ್ತಿ ಹಸಿರಾದ ಪುಟ್ಟ ಅಂಗೈ. ಅದು ಬೆರಳು ಬಿಡಿಸಿಕೊಂಡು, ಗಾಳಿ ಯಾವ ಕಡೆಯಿಂದ ಬರುತ್ತಿದೆ ಎಂದು ಅತ್ತ ಒಂದು ಸಲ, ಇತ್ತ ಒಂದು ಸಲ ತಿರುಗಿ, ಒಳಗೆ ಹೋಯಿತು.